ಏಳನೆಯ ಶಿಫ್ಟು

ನನ್ನ ಚೀಲದಲ್ಲಿ ಒಂದು ಕಲ್ಲಿನ ತುಂಡು,
ದಪ್ಪ ಮೇಣದ ಬತ್ತಿಯಂತೆ ದುಂಡು, ಗೇಣುದ್ದ,
ಕರಿಹಸಿರು. ಮಗ್ಗುಲಿಗೆ ಬಿಳಿ ಬಣ್ಣದಲ್ಲಿ
ಆಳದ ಅಂಕಿ, ಅರ್ಧ ಅಳಿಸಿದೆ.
ಅಪ್ಪ ಅದನ್ನು ಬೈಬಲ್ಲಿನ ಮೇಲೆ ಇಡುತ್ತಿದ್ದ,
ಫ್ಯಾನಿನ ಗಾಳಿಗೆ ಹಾಳೆ ಹಾರದಿರಲೆಂದು.

ದೇವಾಶೀರ್ವಾದಂ, ಟಿಂಬರ್‌ಮನ್, ಮಾರಿಕುಪ್ಪಂ.
ಹಿತ್ತಾಳೆ ಟೋಕನ್ನು ಗೂಟಕ್ಕೆ ತಗುಲಿಸಿ ಇಳಿದರೆ
ಎರಡು ಮೈಲಿ ಕೆಳಗೆ ಮರದ ಕಂಬ ಕೊಟ್ಟು
ಭೂಮಿಯನ್ನು ಎತ್ತಿ ನಿಲ್ಲಿಸುವವನು.
"ಆದಿಶೇಷನ ಕೆಲಸ, ಕೂಲಿ ಮಾತ್ರ ಕಂಪನಿಯದು"
ಎಂದು ಪಕ್ಕದ ಲೈನಿನ ಮುನಿವೆಂಕಟಪ್ಪ ನಗುತ್ತಿದ್ದ.

ಭಾನುವಾರದ ಶಾಲೆಯಲ್ಲಿ ನನಗೆ ಆರು ದಿನ.
ಸೋಮವಾರದ ಶಾಲೆಯಲ್ಲಿ ನಮ್ಮೂರ ಕಲ್ಲಿಗೆ
ಇನ್ನೂರೆಪ್ಪತ್ತು ಕೋಟಿ ವರ್ಷ.
ಹದಿಮೂರರ ನಾನು ಚಪ್ಪಲಿಯನ್ನೂ ಬಿಡದೆ
ಒಳಗೆ ಬಂದು ಕೇಳಿದೆ:
ಸುಳ್ಳು ಹೇಳಿದವರು ಯಾರು?

ಅಪ್ಪ ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ,
ನುಂಗಿದ ಮೇಲೆ ಕೇಳಿದ:
"ಸೂರ್ಯನನ್ನು ಮಾಡಿದ್ದು ಎಷ್ಟನೇ ದಿನ?"
ನಾಲ್ಕನೇ ದಿನ.
"ಮೊದಲ ಮೂರನ್ನು ಯಾವುದರಿಂದ ಅಳೆದರು?"
ನಾನು ಸುಮ್ಮನಿದ್ದೆ.
"ಕೆಳಗೆ ನಮಗೂ ಸೂರ್ಯನಿಲ್ಲ ಮಗಳೇ.
ಸಂಜೆ ಅನ್ನೋದಿಲ್ಲ, ಬೆಳಗೂ ಇಲ್ಲ.
ಮೇಲೆ ಸೈರನ್ನು ಕೂಗಿತು ಅಂತ ಮೇಸ್ತ್ರಿ ಹೇಳಿದರೆ
ಒಂದು ಶಿಫ್ಟು.
ಅವನ ಶಿಫ್ಟು ಎಷ್ಟುದ್ದವೋ, ಮೇಸ್ತ್ರಿಯೂ ಅವನೇ."

ಪಾಸ್ಟರಿಗೆ ಇದು ರುಚಿಸಲಿಲ್ಲ. ವಿಜ್ಞಾನದ ಮೇಡಂಗೂ.
ದಿನ ಅಂದರೆ ದಿನ ಎಂದರು ಅವರು.
ಕಥೆಯನ್ನು ಎಳೆದೆಳೆದು ಕಲ್ಲಿಗೆ ತೊಡಿಸಬೇಡ ಎಂದರು ಇವರು.
ಇಬ್ಬರೂ ಕೆಳಗೆ ಇಳಿದವರಲ್ಲ.

ಅಲ್ಲಿ ಬಂಡೆ ಮುಟ್ಟಿದರೆ ಅಂಗೈ ಸುಡುತ್ತದೆ.
ಒಮ್ಮೊಮ್ಮೆ ತಾನಾಗಿ ಸಿಡಿಯುತ್ತದೆ.
ಆಗ ಮೇಲೆ ಲೈನುಮನೆಯಲ್ಲಿ ಚೊಂಬು ಉರುಳಿ
ಅಮ್ಮ ಕಣ್ಣು ಮುಚ್ಚಿ ಏನೋ ಪಿಸುಗುಟ್ಟಿ
ಗಡಿಯಾರ ನೋಡುತ್ತಾಳೆ: ಯಾರ ಶಿಫ್ಟು?
"ಮಾಡಿ ಮುಗಿಸಿದ್ದಲ್ಲ ಇದು" ಎನ್ನುತ್ತಿದ್ದ ಅಪ್ಪ,
"ಇನ್ನೂ ಮಾಡ್ತಾನೇ ಇದ್ದಾನೆ."

ಗಣಿ ಮುಚ್ಚಿದ ವರ್ಷ ಮಾತು ಬದಲಿಸಿದ.
ಸೈರನ್ನು ನಿಂತಿತು. ಶಾಫ್ಟಿನೊಳಗೆ ನೀರು ಏರತೊಡಗಿತು.
ಸೈನೈಡ್ ದಿಬ್ಬದ ಧೂಳು ಒಗೆದ ಬಟ್ಟೆಗೆ ಕೂತಿತು.
ಬೆಳಿಗ್ಗೆ ಎದ್ದು ಬೂಟು ಹಾಕಿದವನು ಮತ್ತೆ ಬಿಚ್ಚಿ,
ಕಲ್ಲನ್ನು ಪಕ್ಕಕ್ಕಿಟ್ಟು, ಹಾಳೆಯ ಮೇಲೆ ಬೆರಳೂರಿದ:
"ನೋಡು, ಆರರವರೆಗೆ ಒಂದೊಂದು ದಿನಕ್ಕೂ
ಸಂಜೆ ಆಯಿತು ಅಂತಿದೆ.
ಏಳನೆಯದಕ್ಕೆ ಬರೆದಿಲ್ಲ.
ಮರೆತರೋ, ಇನ್ನೂ ಆಗಿಲ್ಲವೋ."
ಆ ಏಳನೆಯ ಶಿಫ್ಟಿನಲ್ಲಿ
ಹತ್ತೊಂಬತ್ತು ವರ್ಷ ಕೂತ.

ಗುಂಡಿ ತೋಡುವಾಗ ಮೂರಡಿಗೇ ಬಂಡೆ ಸಿಕ್ಕಿತು.
ಹಾರೆ ತಂದರು, ಆಮೇಲೆ ಡ್ರಿಲ್ಲು.
ಮಣ್ಣಿಗೆ ಎನ್ನುವ ಕಡೆ ಪಾಸ್ಟರ್ ತಡೆದು ನಿಂತರು.
ಅಲ್ಲಿ ಮಣ್ಣೇ ಇರಲಿಲ್ಲ.

ಈಗ ನಾನೇ ಮೇಡಂ. ರಾಬರ್ಟ್‌ಸನ್‌ಪೇಟೆ, ಎಂಟನೇ ಕ್ಲಾಸು.
ಬೋರ್ಡಿನ ಮೇಲೆ ಎರಡು, ಏಳು,
ಆಮೇಲೆ ಎಂಟು ಸೊನ್ನೆ.
ಇದರಲ್ಲಿ ನನಗೆ ಅನುಮಾನವಿಲ್ಲ. ಒಂದು ಸೊನ್ನೆಯನ್ನೂ
ಯಾರ ಮುಲಾಜಿಗೂ ಅಳಿಸುವುದಿಲ್ಲ.
ಅದಕ್ಕೂ ಮೊದಲು ಏನಿತ್ತು ಮಿಸ್, ಸಬಿಹಾ ಕೇಳುತ್ತಾಳೆ.
ಚೌಡಪ್ಪನ ಮೊಮ್ಮಗ ಎದ್ದು ನಿಂತು,
ನೀರು, ಬರೀ ನೀರು, ನಮ್ಮಜ್ಜಿ ಹೇಳಿದ್ದು,
ಮೇಲೆ ಆದಿಶಕ್ತಿ ಹಕ್ಕಿಯಾಗಿ
ಮೊಟ್ಟೆ ಇಡಲು ಜಾಗ ಹುಡುಕಿ...
ಅರ್ಧಕ್ಕೆ ನಾಚಿ ಕೂರುತ್ತಾನೆ.
ಹೇಳಪ್ಪ, ಜಾಗ ಸಿಕ್ಕಿತೇ?

ತುಂಡನ್ನು ಚೀಲದಿಂದ ತೆಗೆದು ಮೊದಲ ಬೆಂಚಿಗೆ ಕೊಡುತ್ತೇನೆ.
ಮೇಲೆ ಬಂದಾಗ ಅದು ಬಿಸಿಯಿತ್ತಂತೆ,
ಅಂಗಿಯಲ್ಲಿ ಸುತ್ತಿಕೊಂಡು ತಂದನಂತೆ ಅಪ್ಪ.
ನಡುಬೆಂಚಿನ ಹುಡುಗಿ ಕೆನ್ನೆಗೆ ಒತ್ತಿ
"ಮಿಸ್, ಬೆಚ್ಚಗಿದೆ" ಎನ್ನುತ್ತಾಳೆ.
ಇಪ್ಪತ್ತು ಮಕ್ಕಳ ಕೈ ದಾಟಿ ಬಂದಿದೆ,
ಅದಕ್ಕೇ ಇರಬೇಕು.

ಬೆಲ್ಲು ಹೊಡೆಯಿತು.
ಕಲ್ಲು ಇನ್ನೂ ನಾಲ್ಕು ಬೆಂಚು ದಾಟಬೇಕಿತ್ತು.